ಕುದ್ಮುಲ್ ರಂಗರಾಯರ ಎರಡು ಪೈಸೆ

ಮಂಗಳೂರಿನ ಪುರಭವನಕ್ಕೆ ಯಾರ ಹೆಸರಿಟ್ಟಿದ್ದಾರೆ ಎಂದು ನಮ್ಮ ಸಿರುಮುಗೈಯಲ್ಲಿ ಕೇಳಿ ನೋಡಿ, ಉತ್ತರ ಸಿಗಲಾರದು. ಆದರೆ ಪಾರ್ವತಿ ಕೃಷ್ಣನ್ ಎಂದರೆ ನನ್ನ ವಯಸ್ಸಿನವರೆಲ್ಲ ತಲೆಯೆತ್ತುತ್ತಾರೆ. 1957, 1974 ಮತ್ತು 1977ರಲ್ಲಿ ಕೊಯಮತ್ತೂರಿನಿಂದ ಲೋಕಸಭೆಗೆ ಆರಿಸಿಹೋದವರು ಆಕೆ. ಕೊನೆಯ ಆ ಎರಡು ಚುನಾವಣೆಗಳ ಹೊತ್ತಿಗೆ ನಾನು ಹೈಸ್ಕೂಲು ಹುಡುಗ. ಗೋಡೆಗಳ ಮೇಲೆ ಆಕೆಯ ಹೆಸರನ್ನು ತಮಿಳಿನಲ್ಲಿ ಕೂಡಿಸಿ ಓದಿದ್ದು ನೆನಪಿದೆ. ಆಕೆಯ ತಾಯಿ ರಾಧಾಬಾಯಿ ಮಂಗಳೂರಿನವರು. ರಾಧಾಬಾಯಿಯ ತಂದೆ ಕುದ್ಮುಲ್ ರಂಗರಾಯರು. ಪುರಭವನಕ್ಕಿರುವುದು ಅವರ ಹೆಸರು.

ಈ ವಾರ ಅವರ ಕಥೆಯನ್ನು ನಿಮಗೆ ಹೇಳಲು ಒಂದು ಕಾರಣವಿದೆ. ಈಚೆಗೆ ಶಿಕ್ಷಕರ ತರಬೇತಿಗಳಲ್ಲಿ ಒಂದು ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಮಕ್ಕಳಿಗೆ ಲೆಕ್ಕ, ಓದು ಕಲಿಸಿದಂತೆಯೇ ಸಿಟ್ಟನ್ನು ತಡೆದುಕೊಳ್ಳುವುದನ್ನೂ, ಇನ್ನೊಬ್ಬರ ನೋವು ಅರಿಯುವುದನ್ನೂ, ಬೇಕಾದದ್ದನ್ನು ಅಂಜದೆ ಕೇಳುವುದನ್ನೂ ಕಲಿಸಬೇಕು. ಅದಕ್ಕೆ ಶಾಲೆಯಲ್ಲಿ ಮೂರು ಹಂತದ ನೆರವು ಇರಬೇಕು ಎನ್ನುತ್ತಾರೆ. ಮೊದಲನೆಯದು ಎಲ್ಲ ಮಕ್ಕಳಿಗೂ. ಅಷ್ಟು ಸಾಲದ ಕೆಲವರಿಗೆ ಎರಡನೆಯದು. ಮೂರನೆಯದು ಅದೂ ಸಾಲದ ಒಬ್ಬಿಬ್ಬರಿಗೆ, ಪಕ್ಕದಲ್ಲೇ ಕೂತು ಕೊಡಬೇಕಾದದ್ದು. ಅಮೆರಿಕದ ಶಾಲೆಗಳಲ್ಲಿ ಬಳಕೆಯಲ್ಲಿರುವ ಕ್ರಮವಂತೆ. ಒಪ್ಪುವ ಮಾತೇ. ಆದರೆ ಅದನ್ನು ಕೇಳಿದಾಗ ನನಗೆ ನೆನಪಾದದ್ದು ಅಮೆರಿಕವಲ್ಲ, ಮಂಗಳೂರಿನ ಉರ್ವಾ ಚಿಲಿಂಬಿ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ, ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ. ಗಡಿಯವರಾದ ನಾವು ನೆನಪಿಡಬೇಕಾದ ಸಂಗತಿಯೊಂದಿದೆ: ಆ ಕಾಲದಲ್ಲಿ ಕಾಸರಗೋಡು, ಮಂಗಳೂರು, ಕೊಯಮತ್ತೂರು ಎಲ್ಲವೂ ಒಂದೇ ಮದರಾಸು ಪ್ರಾಂತ್ಯದಲ್ಲಿದ್ದವು. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಬದುಕು ಹುಡುಕಿ ಮಂಗಳೂರಿಗೆ ಬಂದ. ಮೊದಲು ಮೇಷ್ಟ್ರಾದ. ಕೆಲಸ ಮಾಡುತ್ತಲೇ ಓದಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲನಾದ. ಬಡವರ ಪರವಾಗಿ ವಾದಿಸುವವರೆಂದು ಹೆಸರು ಬಂತು. ಬ್ರಹ್ಮಸಮಾಜದ ಒಡನಾಟವೂ ಸೇರಿತು. ನಾಲ್ಕಕ್ಷರ ಕಲಿತ ದಲಿತ ಯುವಕನೊಬ್ಬ ಕೋರ್ಟಿನಲ್ಲಿ ಜವಾನನಾದದ್ದಕ್ಕೆ ಮೇಲ್ಜಾತಿಯವರು ಎಬ್ಬಿಸಿದ ಗಲಾಟೆಯನ್ನು ಅವರು ಕಣ್ಣಾರೆ ಕಂಡರು. ಒಬ್ಬ ಕಲಿತದ್ದಕ್ಕೇ ಇಷ್ಟಾದರೆ ನೂರು ಮಂದಿ ಕಲಿಯಲೇಬೇಕು ಎಂದು ಅವರಿಗೆ ಅನ್ನಿಸಿರಬೇಕು.

1892ರಲ್ಲಿ ಉರ್ವಾ ಚಿಲಿಂಬಿಯ ಬಾಡಿಗೆ ಮನೆಯೊಂದರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಒಂದೇ ಕಡೆ ನೆಲೆಯೂರಲು ಊರವರು ಬಿಡಲಿಲ್ಲ. ಶಾಲೆ ಕಂಕನಾಡಿಗೆ ಹೋಯಿತು, ಮತ್ತೆ ಬೇರೆ ಕಡೆಗೆ ಹೋಯಿತು. ಸ್ವಂತ ಸಮಾಜ ಅವರನ್ನು ಹೊರಗಿಟ್ಟಿತು. ಕ್ಷೌರಿಕರು, ಅಗಸರು ಅವರ ಮನೆಯ ಕಡೆ ಬರುವುದನ್ನು ನಿಲ್ಲಿಸಿದರು. ಹೆಂಡತಿ ಮಕ್ಕಳಿರುವ ಮನುಷ್ಯನಿಗೆ ಇದೇನು ಸಣ್ಣ ಶಿಕ್ಷೆಯಲ್ಲ. 1897ರಲ್ಲಿ ಈ ಕೆಲಸಕ್ಕೆಲ್ಲ ಒಂದು ಸಂಸ್ಥೆಯ ರೂಪ ಕೊಟ್ಟು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅತ್ತಾವರ, ಬೋಳೂರು, ಮೂಲ್ಕಿ, ಉಡುಪಿ ಹೀಗೆ ಒಂದೊಂದೇ ಕಡೆ ಶಾಲೆಗಳು ಎದ್ದವು.

ಶಾಲೆ ತೆರೆದರೇನಾಯಿತು, ಮಕ್ಕಳು ಬರಬೇಕಲ್ಲ? ಹೊಲದಲ್ಲೋ ದನದ ಹಿಂದೆಯೋ ಇದ್ದರೆ ಆ ಮಗುವಿನ ಹೊಟ್ಟೆಗೆ ಏನಾದರೂ ಸಿಗುತ್ತಿತ್ತು. ಶಾಲೆಗೆ ಬಂದರೆ ಅದೂ ಹೋಯಿತು. ರಂಗರಾಯರು ಬೈಯಲಿಲ್ಲ, ಭಾಷಣ ಬಿಗಿಯಲಿಲ್ಲ. ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು. ಮಧ್ಯಾಹ್ನದ ಊಟ ಹಾಕಿದರು. ಆ ಎರಡು ಪೈಸೆಯನ್ನು ಲಂಚವೆಂದು ನಗುವವರು ಅಂದೂ ಇದ್ದಿರಬಹುದು. ನಾನು ಅದನ್ನು ಹಾಗೆ ನೋಡುವುದಿಲ್ಲ. ನೀನು ಇಲ್ಲಿ ಬಂದು ಕೂತದ್ದಕ್ಕೆ ಬೆಲೆಯಿದೆ ಎಂದು ಮಗುವಿಗೂ ಅದರ ಅಪ್ಪ ಅಮ್ಮನಿಗೂ ತಿಳಿಸುವ ದಾರಿ ಅದು. ದಾರಿಯಲ್ಲಿ ಕಂಡವರೆಲ್ಲ ದೂರ ಸರಿ ಎನ್ನುತ್ತಿದ್ದ ಮಗುವಿಗೆ ಹತ್ತಿರ ಬಾ ಎಂದ ಮೊದಲ ಜಾಗ ಆ ಶಾಲೆ. ಹಸಿವೂ ಅವಮಾನವೂ ಕಾಡುವಾಗ ತಾಳ್ಮೆ ಕಲಿ, ಗೆಳೆತನ ಕಲಿ ಎಂದರೆ ಯಾವ ಮಗು ಕಲಿತೀತು?

ಇದು ಎಲ್ಲರಿಗೂ ಸಿಕ್ಕ ನೆರವು. ಆದರೆ ಎಲ್ಲರಿಗೂ ಇಷ್ಟೇ ಸಾಲದು ಎಂಬುದು ಅವರಿಗೆ ಬೇಗನೆ ತಿಳಿಯಿತು. ಓದಿನಲ್ಲಿ ಮುಂದೆ ಹೋಗಲಾರದ ದೊಡ್ಡ ಹುಡುಗರಿಗೆ ಕೈಕಸುಬು ಬೇಕಿತ್ತು. ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ಬಡಗಿ ಕೆಲಸ, ನೇಯ್ಗೆ ಕಲಿಸಿದರು. ನೇಯ್ಗೆಯ ಊರಿನವನಾದ ನನಗೆ ಇದನ್ನು ಓದಿದಾಗ ಯಾಕೋ ಮನಸ್ಸು ತುಂಬಿ ಬಂತು. ದೂರದಿಂದ ಬರುವವರಿಗೆ ಉಳಿಯಲು ಜಾಗ ಮಾಡಿದರು. ಇನ್ನು ಕೆಲವರ ಕಷ್ಟ ಶಾಲೆಯೊಳಗಿನದೇ ಅಲ್ಲ. ಒಡೆಯ ಎದ್ದು ಹೋಗೆಂದರೆ ಮನೆಯೇ ಇಲ್ಲ. ಅಂಥವರಿಗಾಗಿ ಸರಕಾರದಿಂದ ಜಮೀನು ಪಡೆದು ಸಣ್ಣ ಸಣ್ಣ ನಿವೇಶನ ಹಂಚಿದರು. ಅವರು ಇದಕ್ಕೆ ಹಂತ ಎಂದು ಹೆಸರಿಡಲಿಲ್ಲ, ನಕ್ಷೆ ಬರೆಯಲಿಲ್ಲ. ಯಾವ ಮಗು ಎಲ್ಲಿ ಕಾಲು ಸೋತು ಕೂತಿದೆಯೋ ಅಲ್ಲಿಗೆ ತಾವೇ ಇಳಿದು ಹೋದರು.

ಇನ್ನೊಂದು ಮಾತನ್ನು ಕನ್ನಡದ ಅಭಿಮಾನಿಗಳಾದ ನೀವು ಸ್ವಲ್ಪ ಸಹಿಸಿಕೊಂಡು ಓದಬೇಕು. ಆ ಮಕ್ಕಳ ಮನೆಮಾತು ತುಳು. ಶಾಲೆಯಲ್ಲಿ ಕಲಿತದ್ದು ಕನ್ನಡ. ನಮಗೆ ತಾಯಿಯಾದ ಕನ್ನಡವೇ ಒಂದು ಮಗುವಿಗೆ ಬೆಂಚಿನ ಮೇಲೆ ಕೂತು ನಡುಗುತ್ತಾ ಕಲಿಯುವ ಭಾಷೆಯಾಗಿದ್ದೀತು ಎಂಬುದು ನಮಗೆ ಹೊಳೆಯುವುದೇ ಇಲ್ಲ. ಭಾಷೆ ಬಾರದ ಮಗು ದಡ್ಡನಲ್ಲ. ತನಗೆ ಏನಾಗುತ್ತಿದೆ ಎಂದು ಹೇಳಲು ಅದರ ಬಳಿ ಮಾತಿಲ್ಲ, ಅಷ್ಟೇ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ತಾಳವಾಡಿ ಬೆಟ್ಟದ ಅಜ್ಜಿಯ ಊರಿನಲ್ಲಿ ಐದನೆಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಕೆಳಗಿಳಿದು ತಮಿಳಿನಲ್ಲಿ ಓದಿದವನು ನಾನು. ಆ ನಡುಕ ನನಗೆ ಚೆನ್ನಾಗಿ ಗೊತ್ತಿರಬೇಕಿತ್ತು. ಆದರೂ ಹೆಡ್ಮಾಸ್ಟರಾದ ಮೇಲೆ, ಸುಮಾರು ಇಪ್ಪತ್ತು ವರ್ಷದ ಹಿಂದೆ, ಒಂದು ತಪ್ಪು ಮಾಡಿದೆ. ವರ್ಷದ ನಡುವೆ ನಾಲ್ಕನೆಯ ತರಗತಿಗೆ ಒಬ್ಬ ಹುಡುಗ ಬಂದ. ಬೆಟ್ಟದ ಕನ್ನಡ ಶಾಲೆಯಿಂದ ಬಂದವನು. ತಂದೆ ಕೂಲಿ ನೇಕಾರ. ಹುಡುಗನ ತಮಿಳು ಕೇಳಿ ಉಳಿದವರು ನಗುತ್ತಿದ್ದರು. ಒಂದು ದಿನ ಅವನು ನಕ್ಕವನ ಹಣೆಗೆ ಸ್ಲೇಟಿನಿಂದ ಹೊಡೆದ. ನಾನು ಒರಟನೆಂದು ಬರೆದಿಟ್ಟು ತಂದೆಯನ್ನು ಕರೆಸಿದೆ. ಆ ಮನುಷ್ಯ ಒಂದು ದಿನದ ಮಗ್ಗದ ಕೂಲಿ ಬಿಟ್ಟು ಬಂದು, ನನ್ನನ್ನು ವಾದ್ಯಾರೇ ಎಂದು ಕರೆದು, ಕೈಮುಗಿದು ಹೋದ. ಮರುದಿನದಿಂದ ಹುಡುಗ ಬರಲಿಲ್ಲ. ಮೂರು ವಾರ ಬಿಟ್ಟು ಅವರ ಮನೆಗೆ ಹೋದೆ. ಹುಡುಗ ಕಂಡಿಕೆ ಸುತ್ತುತ್ತಾ ತಂಗಿಗೆ ಏನೋ ಕಥೆ ಹೇಳುತ್ತಿದ್ದ, ಎಷ್ಟು ಚೆಂದದ ಕನ್ನಡದಲ್ಲಿ! ನನ್ನನ್ನು ಕಂಡು ಬಾಯಿ ಮುಚ್ಚಿದ. ಶಾಲೆಯಲ್ಲಿ ಅವನೊಡನೆ ನಾನು ಒಂದೇ ಒಂದು ಸಲವೂ ಕನ್ನಡದಲ್ಲಿ ಮಾತಾಡಿರಲಿಲ್ಲ. ಅವನು ಮತ್ತೆ ಶಾಲೆಗೆ ಬರಲಿಲ್ಲ.

ಈಗ ತಮಿಳುನಾಡಿನ ಸರಕಾರಿ ಶಾಲೆಗಳಲ್ಲಿ 2022ರಿಂದ ಎಣ್ಣುಂ ಎಳುತ್ತುಂ ಯೋಜನೆ ಇದೆ. ಮಕ್ಕಳ ಕಲಿಕೆಯ ಮಟ್ಟ ನೋಡಿ ಅರುಂಬು, ಮೊಟ್ಟು, ಮಲರ್ ಎಂದು ಗುಂಪು ಮಾಡಿ ಕಲಿಸುತ್ತಾರೆ. ಅದೇ ವರ್ಷ ಬೆಳಗಿನ ತಿಂಡಿಯೂ ಶುರುವಾಯಿತು. ಎರಡೂ ಒಳ್ಳೆಯವೇ. ಆದರೆ ನನ್ನ ಆ ಹುಡುಗನನ್ನು ಯಾವ ಗುಂಪಿಗೆ ಹಾಕುತ್ತಿದ್ದರು? ಓದು ಬಾರದವರ ಜೊತೆ ಕೂರಿಸಿದ್ದರೆ ಕಥೆಗಾರನೊಬ್ಬ ಮೊಗ್ಗಿನಲ್ಲೇ ಉಳಿದಿರುತ್ತಿದ್ದ. ಗುಂಪು ಮಾಡುವ ಮೊದಲು ಮಗುವಿನ ಮನೆಮಾತಿನಲ್ಲಿ ಅರ್ಧ ಗಂಟೆ ಮಾತಾಡಿ ಎಂದು ಗಡಿಶಾಲೆಯ ಮೇಷ್ಟ್ರುಗಳಲ್ಲಿ ನನ್ನ ವಿನಂತಿ. ನಿಮಗೆ ಆ ಮಾತು ಬಾರದಿದ್ದರೆ ಅಡುಗೆಯ ಅಮ್ಮನಿಗೆ ಬರುತ್ತದೆ, ಮೇಲಿನ ತರಗತಿಯ ಹುಡುಗಿಗೆ ಬರುತ್ತದೆ. ಅದಕ್ಕೆ ಆದೇಶವೇನೂ ಬೇಕಿಲ್ಲ.

ಮತ್ತೆ ರಂಗರಾಯರಲ್ಲಿಗೆ ಬರೋಣ. ಊರ ಮಕ್ಕಳಿಗೆ ಒಂದು, ಮನೆಯ ಮಕ್ಕಳಿಗೆ ಇನ್ನೊಂದು ಎನ್ನುವವರಲ್ಲ ಅವರು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಮಗಳು ರಾಧಾಬಾಯಿಯನ್ನು ಮೂಲೆಗೆ ಕೂರಿಸದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಕಳಿಸಿದರು. ಅವಳು ನಮ್ಮ ಕೊಂಗುನಾಡಿನ, ತಿರುಚೆಂಗೋಡು ಬಳಿಯ ಕುಮಾರಮಂಗಲದ ಜಮೀನ್ದಾರ ಸುಬ್ಬರಾಯನ್ ಅವರನ್ನು ಮದುವೆಯಾದಳು. ಬ್ರಾಹ್ಮಣ ವಿಧವೆಗೂ ಗೌಂಡರ್ ಯುವಕನಿಗೂ ಮದುವೆ, ಅದೂ ಆ ಕಾಲದಲ್ಲಿ! ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಯಲ್ಲಿ ಕೂತರು.

ಸರಕಾರ ರಾವ್ ಸಾಹೇಬ್ ಬಿರುದು ಕೊಟ್ಟಿತು. 1927ರಲ್ಲಿ ಅವರು ಸನ್ಯಾಸ ತೆಗೆದುಕೊಂಡು ಈಶ್ವರಾನಂದರಾದರು. ಮರುವರ್ಷ, 1928ರ ಜನವರಿ 30ರಂದು, ತೀರಿಕೊಂಡರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಈ ಕೆಲಸದಲ್ಲಿ ರಂಗರಾಯರನ್ನು ತಮ್ಮ ಗುರುವೆಂದೇ ಕರೆದರು. ತಾನು ಕಲಿಸಿದ ಸಮುದಾಯದ ಮಗುವೊಂದು ದೊಡ್ಡ ಹುದ್ದೆಗೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಚಕ್ರದ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ತನ್ನ ಹೆಣವನ್ನು ಯಾರು ಹೊರಬೇಕೆಂದೂ ಮೊದಲೇ ತಿಳಿಸಿದ್ದರು. ಅವರು ಹೇಳಿದಂತೆಯೇ, ಊರಿನ ಕಕ್ಕಸು ಬಳಿಯುತ್ತಿದ್ದ ತೋಟಿಗಳು ಬಂದು ಹೆಗಲು ಕೊಟ್ಟರು.