ಡೆಪ್ಯುಟಿ ಚನ್ನಬಸಪ್ಪನವರೂ ಮಾಸ್ತರರ ರಜೆಯೂ

2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಿಗದಿತ ಅವಧಿಯಲ್ಲಿ ಮುಗಿಯದಿದ್ದಾಗ ಸರ್ಕಾರ ಶಾಲೆಗಳ ದಸರಾ ರಜೆಯನ್ನು 18ರವರೆಗೆ ವಿಸ್ತರಿಸಿತು. ಮಾಸ್ತರರಿಗೆ ಮತ್ತೆ ಹತ್ತು ದಿನ ಹಬ್ಬ ಎಂಬ ಮಾತು ಬಾಗಲಕೋಟೆಯ ನಮ್ಮ ಓಣಿಯಲ್ಲಿ ಕೇಳಿಬಂತು. ಅದೇ ಹೊತ್ತಿನಲ್ಲಿ ಶಿಕ್ಷಕಿಯೊಬ್ಬರು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಮೊಬೈಲ್ ಹಿಡಿದು, ಅರವತ್ತು ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಿದ್ದರು. ರಜೆ ಮಕ್ಕಳಿಗಿತ್ತು, ಅವರಿಗಿರಲಿಲ್ಲ. ಆಗ ನನಗೆ ನೆನಪಾದವರು ಡೆಪ್ಯುಟಿ ಚನ್ನಬಸಪ್ಪನವರು.

ಚನ್ನಬಸಪ್ಪನವರು 1833ರಲ್ಲಿ ಧಾರವಾಡದಲ್ಲಿ ಜನಿಸಿದರು. ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದವರು. ಆದರೆ ಅವರು ಹಿಡಿದದ್ದು ಶಿಕ್ಷಣ ಇಲಾಖೆಯ ದಾರಿ. ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾಗಿ, ಅನಂತರ ಬೆಳಗಾವಿಯಲ್ಲಿ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರ್ ಆಗಿ ದುಡಿದರು. ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು. ನಮ್ಮಂಥ ಅಧಿಕಾರಿಗಳಿಗೆ ಅಂಥ ಭಾಗ್ಯವಿಲ್ಲ. ನಿವೃತ್ತಿಯ ಮರುದಿನವೇ ಹುದ್ದೆ ಇನ್ನೊಬ್ಬರದಾಗುತ್ತದೆ.

ಮುಂಬಯಿ ಪ್ರಾಂತದ ಕನ್ನಡ ಮಕ್ಕಳು ಆಗ ಅನೇಕ ಕಡೆ ಮರಾಠಿಯಲ್ಲಿ ಅಕ್ಷರ ಕಲಿಯಬೇಕಾಗಿತ್ತು. ಇಲಾಖೆಯ ಮೇಲಧಿಕಾರಿ ರಸೆಲ್ ಅವರ ಬೆಂಬಲ ಪಡೆದು ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ತೆರೆದ ಸಂಗತಿಯನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಆದರೆ ಶಾಲೆ ತೆರೆಯಲು ಆದೇಶ ಸಾಲದು, ಶಿಕ್ಷಕ ಬೇಕು. ಶಿಕ್ಷಕ ತಾನಾಗಿ ಹುಟ್ಟುವುದಿಲ್ಲ, ಅವನನ್ನು ಸಿದ್ಧಗೊಳಿಸಬೇಕು. ಈ ಎರಡನೆಯ ಕೆಲಸವನ್ನು ಭಾಷಣಗಳು ಮರೆಯುತ್ತವೆ. ಅವರು ನಾರ್ಮಲ್ ಶಾಲೆಯಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ಶಿಕ್ಷಕರು ಓದಲೆಂದೇ ನಡೆದ ಮಠಪತ್ರಿಕೆಯನ್ನು, ಮುಂದೆ ಶಾಲಾಪತ್ರಿಕೆ ಎಂದಾದುದನ್ನು, ನೋಡಿಕೊಂಡರು. ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟರಂಗೋ ಕಟ್ಟಿ ಅವರಂಥ ವಿದ್ವಾಂಸರು ಆ ಕಾಲದಲ್ಲಿ ಅದೇ ಇಲಾಖೆಯ ಬಳಗದಲ್ಲಿದ್ದರು. ತನಿಖೆಗೆ ಬರುವ ಅಧಿಕಾರಿ ತನ್ನ ಶಿಕ್ಷಕರ ಓದಿನ ಬಗೆಗೂ ಯೋಚಿಸುತ್ತಿದ್ದನೆಂಬುದು ಇಂದು ಸೋಜಿಗವಾಗಿ ಕಾಣುತ್ತದೆ.

ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ಆಗ ಕಲಾದಗಿ ಜಿಲ್ಲೆಗೆ ಸೇರಿದ್ದವು. ಊರಿನ ಐಗಳ ಮಠವೇ ಇಲ್ಲಿಯ ಹಳೆಯ ಶಾಲೆ. ಐಗಳಿಗೆ ಸುಗ್ಗಿಯಲ್ಲಿ ಜೋಳ ಬರುತ್ತಿತ್ತು. ಬೆಳೆ ಹೋದರೆ ಅವರ ಪಾಲೂ ಹೋಗುತ್ತಿತ್ತು. ಅವರು ಮುಷ್ಕರ ಹೂಡಲಾರರು. ಹೆಚ್ಚೆಂದರೆ ಊರು ಬಿಡಬಹುದಿತ್ತು. ಇಲಾಖೆಯ ಶಿಕ್ಷಕನಿಗೆ ತಿಂಗಳ ಸಂಬಳ ಬಂತು. 1876-78ರ ಬರದಲ್ಲಿ ಮುಂಬಯಿ ಪ್ರಾಂತದಲ್ಲೇ ಅತ್ಯಂತ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು; 1872 ಮತ್ತು 1881ರ ಜನಗಣತಿಗಳ ನಡುವೆ ಅದರ ಜನಸಂಖ್ಯೆ ಐದನೆಯ ಒಂದು ಪಾಲಿಗಿಂತ ಹೆಚ್ಚು ಕುಸಿಯಿತು. ಮಳೆಯನ್ನೇ ನಂಬಿದ ಇಂಥ ಸೀಮೆಯಲ್ಲಿ ಮಳೆಯ ಹಂಗಿಲ್ಲದ ಸಂಬಳ, ಅದೆಷ್ಟೇ ಅಲ್ಪವಾಗಿರಲಿ, ಕಣ್ಣಿಗೆ ಬಿದ್ದೇ ಬೀಳುತ್ತದೆ. ಶಿಕ್ಷಕರ ಮೇಲಿನ ನಮ್ಮ ಅಸಹನೆಯ ಬೇರು ಅಲ್ಲೇ ಇದೆ ಎಂಬುದು ಅರ್ಥಶಾಸ್ತ್ರ ಓದಿದ ನನ್ನ ಊಹೆ.

ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಈ ಲೆಕ್ಕ ಇನ್ನೂ ಸ್ಪಷ್ಟ. ಅಲ್ಲಿ ಕೂಲಿ ಸೀರೆಯ ಲೆಕ್ಕದಲ್ಲಿ. ಕುಣಿಮಗ್ಗಕ್ಕೆ ಇಳಿಯದ ದಿನ ಗಳಿಕೆಯಿಲ್ಲ. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಎಳೆ ಎಳೆಯಾಗಿ ಕೂಡಿಸುವ ನೇಕಾರನಿಗೆ, ಏಪ್ರಿಲ್-ಮೇ ತಿಂಗಳಲ್ಲಿ ಶಾಲೆಗೆ ಬೀಗ ಬಿದ್ದಾಗಲೂ ಸಂಬಳ ಪಡೆಯುವವರನ್ನು ಕಂಡು ಬೇಸರವಾದರೆ ಅದನ್ನು ತಪ್ಪೆನ್ನಲಾರೆ. ತಪ್ಪು ಆ ಅಳತೆಗೋಲಿನದು. ಸೀರೆಯನ್ನು ಮಡಿಚಿ ಎಣಿಸಬಹುದು. ಪಾಠಕ್ಕೆ ಹಾಸು ಹೂಡುವ ಹೊತ್ತನ್ನು ಯಾರು ಎಣಿಸಬೇಕು? 2009ರ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ವಾರಕ್ಕೆ 45 ಗಂಟೆಗಳ ಕೆಲಸ ಹೇಳಿದೆ. ಪಾಠದ ಸಿದ್ಧತೆಯೂ ಅದರಲ್ಲೇ ಸೇರಿದೆ. 2002ರಲ್ಲಿ ಅಕ್ಷರ ದಾಸೋಹ ಮೊದಲು ಆರಂಭವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅದು ಮಕ್ಕಳ ಹೊಟ್ಟೆ ತುಂಬಿಸಿದ ಪುಣ್ಯದ ಕೆಲಸ. ಆದರೆ ಬಾದಾಮಿಯ ಕಡೆಯ ಇಬ್ಬರೇ ಶಿಕ್ಷಕರ ಶಾಲೆಯಲ್ಲಿ ಒಬ್ಬರು ಅಕ್ಕಿ, ಬೇಳೆ, ಮೊಟ್ಟೆಯ ಲೆಕ್ಕಕ್ಕೆ ಕುಳಿತರೆ ಎರಡು ತರಗತಿಗಳು ಒಂದಾಗುತ್ತವೆ.

ಚನ್ನಬಸಪ್ಪನವರು ಇಲಾಖೆಯ ಕೆಲಸದ ನಡುವೆಯೇ ಶೇಕ್ಸ್‌ಪಿಯರನ ಕಾಮಿಡಿ ಆಫ್ ಎರರ್ಸ್ ಅನ್ನು ನಗದವರನ್ನು ನಗಿಸುವ ಕಥೆಯಾಗಿ ಕನ್ನಡಕ್ಕೆ ತಂದರು. ಅದು 1871ರಲ್ಲಿ ಪ್ರಕಟವಾಯಿತು. ಅಧಿಕಾರಿಯ ಬಿಡುವನ್ನು ನಾವು ಸಾಹಿತ್ಯಸೇವೆ ಎನ್ನುತ್ತೇವೆ. ಶಿಕ್ಷಕನ ಬಿಡುವನ್ನು ಸೋಮಾರಿತನವೆನ್ನುತ್ತೇವೆ.

ಮುಷ್ಕರದ ವಿಷಯದಲ್ಲಿ ನನ್ನ ಮನಸ್ಸು ಅಷ್ಟು ನಿಚ್ಚಳವಲ್ಲ. 2016ರಲ್ಲಿ ಪಿಯು ಉಪನ್ಯಾಸಕರು ಮೌಲ್ಯಮಾಪನ ಬಹಿಷ್ಕರಿಸಿದ್ದು ನನಗೆ ಸರಿ ಕಾಣಲಿಲ್ಲ. ಫಲಿತಾಂಶಕ್ಕೆ ಕಾಯುವ ಮಗು ಆ ಜಗಳದ ಪಕ್ಷಗಾರನಲ್ಲ. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಕೆಲಸಕ್ಕೆ ಹೋಗದಿದ್ದಾಗ ಸರ್ಕಾರ ಅದೇ ದಿನ ಶೇ 17ರ ಮಧ್ಯಂತರ ಪರಿಹಾರ ಘೋಷಿಸಿತು. ತಿಂಗಳುಗಟ್ಟಲೆ ಮನವಿ ಕೊಟ್ಟರೂ ಆಗದ್ದು ಒಂದು ದಿನ ಬಾಗಿಲು ಮುಚ್ಚಿದೊಡನೆ ಆದರೆ, ನೌಕರರು ಯಾವ ಪಾಠ ಕಲಿಯಬೇಕು?

ನಾನೂ ಅಂಥ ಪಾಠ ಕಲಿಸಿದವರಲ್ಲಿ ಒಬ್ಬ. 2010ರ ಬೇಸಿಗೆಯಲ್ಲಿ ಜನಗಣತಿಯ ಮನೆಪಟ್ಟಿಯ ಹೊಣೆ ಒಂದು ತಾಲ್ಲೂಕಿನಲ್ಲಿ ನನ್ನ ಮೇಲಿತ್ತು. ಬಿಸಿಲಲ್ಲಿ ಮನೆ ಮನೆ ತಿರುಗಿದ ಹಿರಿಯ ಮಾಸ್ತರರೊಬ್ಬರು, ಕಳೆದುಕೊಂಡ ರಜೆಗೆ ಪ್ರತಿಯಾಗಿ ಗಳಿಕೆ ರಜೆ ಕೇಳಿ ಅರ್ಜಿ ಕೊಟ್ಟರು. ಇತರ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಸಿಗುತ್ತದೆ. ಬೇಸಿಗೆ ರಜೆ ಇದೆಯೆಂಬ ಕಾರಣಕ್ಕೆ ಶಿಕ್ಷಕರಿಗೆ ಸಿಗುವುದು ಅದರ ಸಣ್ಣ ಪಾಲು. ಆ ಬೇಸಿಗೆ ರಜೆಯನ್ನೂ ಕಿತ್ತುಕೊಂಡ ಮೇಲೆ ಅವರ ಬೇಡಿಕೆ ನ್ಯಾಯವಾಗಿತ್ತು. ಶಿಕ್ಷಕರಿಗೆ ರಜೆಗೇನು ಕೊರತೆ ಎಂಬ ಅರ್ಥ ಬರುವಂತೆ ಒಂದು ಸಾಲು ಬರೆದು ಕಡತ ಮುಚ್ಚಿದೆ. ಆ ಸಾಲನ್ನು ಬರೆಯಲು ನನಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಮಾಸ್ತರರು ನಮಸ್ಕರಿಸಿ ಹೊರಟುಹೋದರು.

ಚನ್ನಬಸಪ್ಪನವರು 1881ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಮೊನ್ನೆಯ ಶಿಕ್ಷಕಿ ಪ್ರಶ್ನೆಗಳನ್ನು ಮುಗಿಸಿ ಎದ್ದಾಗ ಇನ್ನೆಷ್ಟು ಮನೆ ಉಳಿದಿವೆ ಎಂದು ಕೇಳಿದೆ. ನಲವತ್ತರ ಮೇಲಿವೆ ಎಂದರು. ತಪ್ಪಿದ ಪಾಠಗಳಿಗೆ ಶಾಲೆ ತೆರೆದ ಮೇಲೆ ಹೆಚ್ಚುವರಿ ತರಗತಿ ತೆಗೆದುಕೊಳ್ಳಬೇಕೆಂದೂ ಹೇಳಿದರು. ಒಂದು ಲೋಟ ನೀರು ಕುಡಿದು, ಹತ್ತು ದಿನದ ಹಬ್ಬದ ಮಾತಾಡಿದವರ ಮನೆಯ ಕಡೆಗೇ ನಡೆದರು.