ತೀನಂಶ್ರೀ ಮತ್ತು ಕನ್ನಡದ ಸ್ವರಗಳು

ಕನ್ನಡ ವಿದ್ವತ್ ಪರಂಪರೆಯಲ್ಲಿ ತೀ. ನಂ. ಶ್ರೀಕಂಠಯ್ಯನವರ ಹೆಸರು 'ಭಾರತೀಯ ಕಾವ್ಯಮೀಮಾಂಸೆ'ಯೊಡನೆ ಬೆಸೆದುಕೊಂಡಿದೆ. ಭಾವಗೀತೆಗಳ ಓದುಗರು 'ಒಲುಮೆ'ಯ ಮೂಲಕ, ವ್ಯಾಕರಣದ ವಿದ್ಯಾರ್ಥಿಗಳು 'ಕನ್ನಡ ಮಧ್ಯಮ ವ್ಯಾಕರಣ'ದ ಮೂಲಕ ಅವರನ್ನು ಬಲ್ಲರು. ಆದರೆ ದ್ರಾವಿಡ ಭಾಷಾವಿಜ್ಞಾನದ ಅಂತರರಾಷ್ಟ್ರೀಯ ಬರಹಗಳಲ್ಲಿ ಅವರು ಉಲ್ಲೇಖಗೊಳ್ಳುವುದು ಈ ಯಾವ ಕೃತಿಯಿಂದಲೂ ಅಲ್ಲ. 1935ರಲ್ಲಿ ಕನ್ನಡದ ಇ, ಉ, ಎ, ಒ ಸ್ವರಗಳ ಪಲ್ಲಟವನ್ನು ಕುರಿತು ಇಂಗ್ಲಿಷಿನಲ್ಲಿ ಅವರು ಬರೆದ ಒಂದು ಪ್ರಬಂಧವೇ ಅಲ್ಲಿ ಅವರ ಗುರುತು. ಈ ಎರಡು ಗುರುತುಗಳ ನಡುವಿನ ಅಂತರವು ಕನ್ನಡ ಅಧ್ಯಯನದ ಚರಿತ್ರೆಯನ್ನು ಬರೆಯುವವರು ಗಮನಿಸಬೇಕಾದ ಸಂಗತಿಯಾಗಿದೆ.

ಶ್ರೀಕಂಠಯ್ಯನವರು 1906ರ ನವೆಂಬರ್ 26ರಂದು ತುಮಕೂರು ಜಿಲ್ಲೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಜನಿಸಿದರು. ಊರಿನ ಹೆಸರೂ ತಂದೆ ನಂಜುಂಡಯ್ಯನವರ ಹೆಸರೂ ಸೇರಿ 'ತೀನಂಶ್ರೀ' ಎಂಬ ಹ್ರಸ್ವನಾಮ ರೂಪುಗೊಂಡಿತು. ಮೈಸೂರಿನಲ್ಲಿ ಉನ್ನತ ವ್ಯಾಸಂಗ ನಡೆಸಿ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲಿಯೂ ಎಂ.ಎ. ಪದವಿ ಪಡೆದ ಅವರು ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕ ವೃತ್ತಿಯಲ್ಲಿ ನೆಲೆಗೊಂಡರು. ಈ ದ್ವಿಮುಖ ಶಿಕ್ಷಣವು ಅವರ ಭಾಷಾಧ್ಯಯನಕ್ಕೆ ಅಡಿಪಾಯವಾಯಿತು. ಕೇಶಿರಾಜ, ಭಟ್ಟಾಕಳಂಕರ ವ್ಯಾಕರಣಗಳು ಒಂದು ಕಡೆ, ಜರ್ಮಾನಿಕ್ ಭಾಷೆಗಳ ಧ್ವನಿಚರಿತ್ರೆ ಇನ್ನೊಂದು ಕಡೆ ಅವರ ಎದುರಿಗಿದ್ದವು.

ಸ್ವರಗಳ ವರ್ಗೀಕರಣದಲ್ಲಿ ಈ ಎರಡು ಪರಂಪರೆಗಳ ದಾರಿ ಬೇರೆ ಬೇರೆ. ಸಂಸ್ಕೃತ ಮೂಲದ ಶಾಸ್ತ್ರವು ಉತ್ಪತ್ತಿಸ್ಥಾನವನ್ನು ಆಧಾರವಾಗಿಟ್ಟುಕೊಂಡು ಅಕಾರವನ್ನು ಕಂಠ್ಯವೆಂದೂ ಇಕಾರವನ್ನು ತಾಲವ್ಯವೆಂದೂ ಉಕಾರವನ್ನು ಓಷ್ಠ್ಯವೆಂದೂ ಕರೆಯುತ್ತದೆ. ಏ, ಓ ಅಲ್ಲಿ ಸಂಧ್ಯಕ್ಷರಗಳು, ಸದಾ ದೀರ್ಘ. ಆಧುನಿಕ ಧ್ವನಿವಿಜ್ಞಾನವಾದರೋ ನಾಲಗೆಯ ಎತ್ತರ, ನಾಲಗೆಯ ಮುಂದುಹಿಂದುಗಳು ಮತ್ತು ತುಟಿಗಳ ಆಕಾರ ಎಂಬ ಮೂರು ಅಳತೆಗಳಿಂದ ಸ್ವರವನ್ನು ಗುರುತಿಸುತ್ತದೆ. ಈ ಕ್ರಮದಲ್ಲಿ ಇ, ಉ ಉನ್ನತ ಸ್ವರಗಳು. ಎ, ಒ ಮಧ್ಯಸ್ವರಗಳು. ಅ ಅವನತ ಸ್ವರ. ಕನ್ನಡಕ್ಕೆ ಹ್ರಸ್ವ ಎ, ಒ ಸಹಜವಾದ ಕಾರಣ ಸಂಸ್ಕೃತದ ಚೌಕಟ್ಟು ಇಲ್ಲಿ ಪೂರ್ತಿಯಾಗಿ ಹೊಂದುವುದಿಲ್ಲ. ಇ–ಎ, ಉ–ಒಗಳ ಸಂಬಂಧವನ್ನು ಸಂಸ್ಕೃತದ ಗುಣಾದೇಶದಿಂದ ವಿವರಿಸುವುದೂ ಸಾಧ್ಯವಿಲ್ಲ. ಅದಕ್ಕೆ ಬೇರೆ ಕಾರಣವನ್ನು ಭಾಷೆಯ ಒಳಗಡೆಯೇ ಹುಡುಕಬೇಕಿತ್ತು.

1935ರ ಡಿಸೆಂಬರಿನಲ್ಲಿ ಅಖಿಲ ಭಾರತ ಪ್ರಾಚ್ಯ ಸಮ್ಮೇಳನದ ಎಂಟನೆಯ ಅಧಿವೇಶನ ಮೈಸೂರಿನಲ್ಲಿ ನಡೆಯಿತು. ಶ್ರೀಕಂಠಯ್ಯನವರ ಪ್ರಬಂಧ ಪ್ರಕಟವಾದದ್ದು ಈ ಅಧಿವೇಶನದ ಸಂಪುಟದಲ್ಲಿ. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಪ್ರಬಂಧದ ತಿರುಳನ್ನು ಸರಳ ನಿದರ್ಶನಗಳಿಂದ ಗ್ರಹಿಸಬಹುದು. ತಮಿಳಿನ ಚೆವಿ, ಎಲಿ, ಪೊಡಿ, ವೆಯಿಲ್, ಪೆರಿಯ ಎಂಬ ರೂಪಗಳಿಗೆ ಕನ್ನಡದಲ್ಲಿ ಕಿವಿ, ಇಲಿ, ಪುಡಿ, ಬಿಸಿಲ್, ಪಿರಿಯ ಎಂಬವು ಸಂವಾದಿಯಾಗಿವೆ. ಎರಡನೆಯ ಅಕ್ಷರದಲ್ಲಿ ಇ ಅಥವಾ ಉ ಇದ್ದಲ್ಲಿ ಮೊದಲ ಅಕ್ಷರದ ಎಕಾರ ಇಕಾರವಾಗಿದೆ, ಒಕಾರ ಉಕಾರವಾಗಿದೆ. ಮುಂದೆ ಬರುವ ಉನ್ನತ ಸ್ವರಕ್ಕಾಗಿ ನಾಲಗೆ ಮೊದಲೇ ಮೇಲೇರಿ ನಿಂತಂತಹ ಸ್ಥಿತಿ ಇದು. ಶಾಸನಭಾಷೆಯ ಸಾಕ್ಷ್ಯದಿಂದ ಈ ಪಲ್ಲಟ ಸುಮಾರು ಎಂಟನೆಯ ಶತಮಾನದಲ್ಲಿ ತಲೆದೋರಿತೆಂದು ಗೊತ್ತಾಗುತ್ತದೆ.

ಪ್ರಬಂಧದ ಶೀರ್ಷಿಕೆಯಲ್ಲಿ ಅವರು ಬಳಸಿದ ಪರಿಭಾಷೆ ಜರ್ಮಾನಿಕ್ ಭಾಷೆಗಳ ಅಧ್ಯಯನದಿಂದ ಬಂದದ್ದು. ಇಂಗ್ಲಿಷಿನ ಫುಟ್–ಫೀಟ್ ಎಂಬ ಏಕವಚನ ಬಹುವಚನಗಳ ಸ್ವರಭೇದಕ್ಕೆ ಹಿಂದೊಮ್ಮೆ ಮುಂದಿನ ಅಕ್ಷರದಲ್ಲಿದ್ದ ಇಕಾರವೇ ಕಾರಣ. ತೆಲುಗಿನಲ್ಲಿ ಪ್ರಭಾವದ ದಿಕ್ಕು ತಿರುಗಿದೆ: ಇಕಾರಾಂತವಾದ ಪುಲಿ ಶಬ್ದಕ್ಕೆ ಕಿ ಪ್ರತ್ಯಯ ಸೇರಿ ಪುಲಿಕಿ ಎಂದಾಗುವಲ್ಲಿ ಪ್ರಕೃತಿಯ ಸ್ವರವೇ ಪ್ರತ್ಯಯದ ಸ್ವರವನ್ನು ನಿಯಂತ್ರಿಸುತ್ತದೆ. ಕನ್ನಡದ ಪಲ್ಲಟವು ಮೊದಲನೆಯ ಬಗೆಗೆ ಸೇರಿದ್ದು.

ಈ ಸೂತ್ರದ ಬೆಲೆ ಇರುವುದು ಅದು ಬಿಡಿಸುವ ತೊಡಕುಗಳಲ್ಲಿ. ಹಳಗನ್ನಡದಲ್ಲಿ ಕುಡು ಎಂಬ ಧಾತುವಿಗೆ ಕೊಟ್ಟಂ ಎಂಬ ಭೂತಕಾಲರೂಪ, ಕಿಡು ಎಂಬುದಕ್ಕೆ ಕೆಟ್ಟಂ, ತುಡು ಎಂಬುದಕ್ಕೆ ತೊಟ್ಟಂ ಎಂಬ ರೂಪಗಳಿವೆ. ಇವು ಕವಿಗಳ ಸ್ವೇಚ್ಛೆಯೂ ಅಲ್ಲ, ಲಿಪಿಕಾರರ ಪ್ರಮಾದವೂ ಅಲ್ಲ. ಮುಂದೆ ಉಕಾರವಿದ್ದ ಕುಡು ರೂಪದಲ್ಲಿ ಪಲ್ಲಟ ನಡೆಯಿತು. ದ್ವಿತ್ವವಿದ್ದ ಕೊಟ್ಟಂ ರೂಪದಲ್ಲಿ ಮೂಲದ ಒಕಾರ ಉಳಿಯಿತು. ಮುಂದೆ ಕೊಟ್ಟ, ಕೆಟ್ಟ, ತೊಟ್ಟ ಎಂಬ ರೂಪಗಳ ಸಾದೃಶ್ಯದಿಂದ ಕೊಡು, ಕೆಡು, ತೊಡು ಎಂಬವೇ ಹೊಸಗನ್ನಡದಲ್ಲಿ ನೆಲೆನಿಂತವು. ಹಿರಿಯ ಎಂಬಲ್ಲಿ ಇಕಾರವೂ ಹೆಮ್ಮರ, ಹೆಬ್ಬಾಗಿಲು ಎಂಬಲ್ಲಿ ಎಕಾರವೂ ಇರುವುದಕ್ಕೆ ಇದೇ ವಿವರಣೆ ಸಲ್ಲುತ್ತದೆ. ಪ್ರಾಚೀನ ಕಾವ್ಯಗಳ ಪಾಠಾಂತರಗಳನ್ನು ತೂಗಿ ನೋಡುವ ಸಂಪಾದಕನಿಗೆ ಇಂತಹ ತಿಳಿವಳಿಕೆ ಅಲಂಕಾರವಲ್ಲ, ಉಪಕರಣ. ರನ್ನನ ಗದಾಯುದ್ಧದ ಸಂಗ್ರಹವನ್ನು ಸಿದ್ಧಪಡಿಸಿದ ಶ್ರೀಕಂಠಯ್ಯನವರಲ್ಲಿ ಭಾಷಾವಿಜ್ಞಾನಿಯೂ ಗ್ರಂಥಸಂಪಾದಕನೂ ಒಂದಾಗಿದ್ದರು.

ಇಂತಹ ಅಧ್ಯಯನಕ್ಕೆ ಬೇಕಾದ ಆಕರಗಳು ಅಷ್ಟು ಹೊತ್ತಿಗೆ ಒದಗಿದ್ದವು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ್ದರು, ಆರ್. ನರಸಿಂಹಾಚಾರ್ಯರು ಅವನ್ನು ಬಹಳವಾಗಿ ವಿಸ್ತರಿಸಿ 1923ರಲ್ಲಿ ಹೊರತಂದಿದ್ದರು. ಏಳನೆಯ ಶತಮಾನದಿಂದ ಮೊದಲುಗೊಂಡು ಶತಮಾನಗಳ ಕನ್ನಡ ಒಂದೇ ಬೆಟ್ಟದ ಬಂಡೆಗಳ ಮೇಲೆ ಉಳಿದಿರುವುದು ಧ್ವನಿಚರಿತ್ರೆಕಾರರಿಗೆ ಅಪರೂಪದ ಸೌಲಭ್ಯ. ಎ. ಎನ್. ನರಸಿಂಹಯ್ಯನವರ ಪ್ರಾಚೀನತಮ ಶಾಸನಗಳ ವ್ಯಾಕರಣ 1941ರಲ್ಲಿ ಮೈಸೂರಿನಿಂದ ಪ್ರಕಟವಾದ ಮೇಲೆ ಈ ಅಧ್ಯಯನ ಇನ್ನಷ್ಟು ಬಲಗೊಂಡಿತು.

ಬಂಡೆಯ ಮೇಲಿನ ಸಾಕ್ಷ್ಯದಂತೆಯೇ ಬಾಯಿಮಾತಿನ ಸಾಕ್ಷ್ಯವೂ ಅದೇ ಸೀಮೆಯಲ್ಲಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಯೂ ತೀರ್ಥಪುರದ ಕಡೆಯ ಹಳ್ಳಿಗಳೂ ಹಳೆಯ ಮೈಸೂರಿನ ಗ್ರಾಮೀಣ ಆಡುನುಡಿಯ ವಲಯಕ್ಕೆ ಸೇರಿವೆ. ಈ ಆಡುನುಡಿಯಲ್ಲಿ ಪೇಟೆ, ಮೇಲೆ, ಬೇಡ ಎಂಬವು ಪ್ಯಾಟೆ, ಮ್ಯಾಲೆ, ಬ್ಯಾಡ ಎಂದಾಗುತ್ತವೆ. ಆದರೆ ಬೇರು, ಬೇಲಿ ಎಂಬವು ಹಾಗೆಯೇ ನಿಲ್ಲುತ್ತವೆ. ಮುಂದಿನ ಸ್ವರ ಉನ್ನತವಾಗಿದ್ದರೆ ಏಕಾರ ಸ್ಥಿರ, ಇಲ್ಲವಾದರೆ ಅದು ಕೆಳಗಿಳಿಯುತ್ತದೆ. ಶಾಲೆಯಲ್ಲಿ ಅಶುದ್ಧವೆಂದು ತಿದ್ದಿಸಿಕೊಳ್ಳುವ ಈ ಉಚ್ಚಾರಣೆಯ ಹಿಂದೆ, ಎಂಟನೆಯ ಶತಮಾನದ ಪಲ್ಲಟದ ಹಿಂದಿದ್ದಂತಹ ನಿಯಮಬದ್ಧತೆಯೇ ಇದೆ.

ಶ್ರೀಕಂಠಯ್ಯನವರು ಕೆಲವು ವರ್ಷ ಧಾರವಾಡದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಅಲ್ಲಿಯ ಆಡುನುಡಿಯಲ್ಲಿ ಪದಾಂತ್ಯದ ಎಕಾರ ಇಕಾರವಾಗಿ ಮನೆ ಮನಿಯೆಂದೂ ಎಲೆ ಎಲಿಯೆಂದೂ ಕೇಳಿಬರುತ್ತದೆ. ಎರಡನೆಯ ಅಕ್ಷರದಲ್ಲಿ ಈಗ ಇಕಾರವಿದ್ದರೂ ಗಿಡದ ಎಲಿ ಮತ್ತೆ ಇಲಿಯಾಗುವುದಿಲ್ಲ. ಹಳೆಯ ಪಲ್ಲಟದ ಕಾಲ ಮುಗಿದ ಮೇಲೆ ಬಂದ ಇಕಾರಕ್ಕೆ ಹಿಂದಿನ ಸ್ವರವನ್ನು ಎತ್ತುವ ಶಕ್ತಿ ಉಳಿದಿಲ್ಲ. ಧ್ವನಿನಿಯಮಗಳಿಗೆ ಪರಿಸರವಿರುವಂತೆ ಕಾಲವೂ ಉಂಟೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮುಂದಿನ ವರ್ಷಗಳಲ್ಲಿ ಕಾವ್ಯಮೀಮಾಂಸೆಯ ಬೃಹತ್ ಕೃತಿ ಅವರ ಶ್ರಮವನ್ನು ಬೇಡಿತಾದರೂ ಭಾಷಾಧ್ಯಯನವನ್ನು ಅವರು ಕೈಬಿಡಲಿಲ್ಲ. ಕನ್ನಡ ಮಾತಿನ ಚ, ಜ ವರ್ಗದ ಧ್ವನಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಪ್ರಬಂಧ ಅವರ ಕಿವಿ ಎಷ್ಟು ಸೂಕ್ಷ್ಮವಾಗಿತ್ತೆಂಬುದನ್ನು ತೋರಿಸುತ್ತದೆ. 1966ರ ಸೆಪ್ಟೆಂಬರ್ 7ರಂದು, ಅರವತ್ತು ತುಂಬುವ ಮೊದಲೇ, ಅವರು ನಿಧನರಾದರು.

ಅವರು ಎತ್ತಿದ ಪ್ರಶ್ನೆ ಅಲ್ಲಿಗೆ ನಿಂತಿರಲಿಲ್ಲ. ಟಿ. ಬರೋ ಅವರು 1940ರಲ್ಲಿ, ಭದ್ರಿರಾಜು ಕೃಷ್ಣಮೂರ್ತಿಯವರು 1958ರಲ್ಲಿ ದಕ್ಷಿಣ ದ್ರಾವಿಡದ ಇ–ಎ, ಉ–ಒ ವ್ಯತ್ಯಯವನ್ನು ಕುರಿತು ಬರೆದರು. ತಮಿಳಿನ ಇಲೈ, ನಿಲಂ, ಪುಗೈ ಎಂಬವುಗಳ ಎದುರಿಗೆ ಕನ್ನಡದ ಎಲೆ, ನೆಲ, ಹೊಗೆ ಇರುವಲ್ಲಿ ಪ್ರಾಚೀನ ಸ್ವರ ಯಾವುದು ಎಂಬ ವ್ಯಾಪಕ ಚರ್ಚೆ ಅದು. ಆ ಚರ್ಚೆಯಲ್ಲಿ ಕನ್ನಡದ ಪಲ್ಲಟ ಪ್ರತ್ಯೇಕವಾದದ್ದು, ಈಚಿನದು ಎಂಬ ಅಂಶಕ್ಕೆ ಆಧಾರವಾಗಿ ನಿಂತದ್ದು 1935ರ ಪ್ರಬಂಧ. ಅದು ಇಂಗ್ಲಿಷಿನಲ್ಲಿದ್ದುದರಿಂದ ದೂರದ ವಿದ್ವಾಂಸರಿಗೆ ತಲುಪಿತು. ಅದೇ ಕಾರಣಕ್ಕೆ ಕನ್ನಡ ತರಗತಿಯಿಂದ ದೂರವೂ ಉಳಿಯಿತು. ಕುಡು, ಕೊಟ್ಟಂ ರೂಪಗಳನ್ನು ಪ್ರತಿ ವರ್ಷವೂ ಪಾಠ ಹೇಳುವ ಅಧ್ಯಾಪಕರಿಗೆ ಅವುಗಳ ಸಂಬಂಧವನ್ನು ಬಿಡಿಸಿ ತೋರಿಸಿದವರು 'ಭಾರತೀಯ ಕಾವ್ಯಮೀಮಾಂಸೆ'ಯ ಕರ್ತೃವೇ ಎಂಬುದು ನೆನಪಿರಬೇಕು. ಅವರ ಜೀವನಸಾಧನೆಯ ಸಮಗ್ರ ಮೌಲ್ಯಮಾಪನವು ಕಾವ್ಯಮೀಮಾಂಸೆಯ ಜೊತೆಗೆ ಈ ಪ್ರಬಂಧವನ್ನೂ ಒಳಗೊಂಡಾಗಲೇ ಪೂರ್ಣವಾಗುತ್ತದೆ.