ಮೂಸಿಗೆ ದಾರಿ ತೋರಿದ ಸರ್ ಎಂ.ವಿ.

1908ರ ಸೆಪ್ಟೆಂಬರಿನಲ್ಲಿ ಉಕ್ಕಿ ಹರಿದ ಮೂಸಿ ನದಿ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆಳಂದ ಸೀಮೆಯ ಭೂಸನೂರಿನಂಥ ಕನ್ನಡದ ಊರುಗಳಿಗೂ ಆಗ ಅದೇ ರಾಜಧಾನಿ. ಮುಂಬಯಿ ಸರ್ಕಾರದ ಸೇವೆ ತೊರೆದಿದ್ದ, ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ 1909ರಲ್ಲಿ ಕರೆಸಿಕೊಂಡಿತು.

ಮೇಲ್ಭಾಗದ 200ಕ್ಕೂ ಹೆಚ್ಚು ಕೆರೆಗಳು ಒಡೆದದ್ದು ಅನಾಹುತವನ್ನು ಹಿಗ್ಗಿಸಿತೆಂದು ಅವರು ಕಂಡುಕೊಂಡರು. ಪ್ರವಾಹವನ್ನು ಊರಿನಾಚೆಯೇ ತಡೆಯಲು ಎರಡು ಜಲಾಶಯ, ದಂಡೆಗಳಲ್ಲಿ ಉದ್ಯಾನ, ನಗರಕ್ಕೆ ಒಳಚರಂಡಿ ಸೂಚಿಸಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣಗೊಂಡವು. ಅಷ್ಟರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ, 1912ರಿಂದ 1918ರವರೆಗೆ ದಿವಾನರೂ ಆಗಿದ್ದರು.

1962ರಲ್ಲಿ ಆ ಶತಾಯುಷಿ ನಿಧನರಾದರು. ಮೂಸಿ ಇಂದು ಕೊಳಚೆ ಹೊತ್ತು ಹರಿಯುತ್ತಿದೆ. ಬೆಂಗಳೂರಿನ ವೃಷಭಾವತಿಯ ಪಾಡೂ ಅದೇ. ದಂಡೆಯ ಅಲಂಕಾರಕ್ಕೆ ಮುನ್ನ ಜಲಾನಯನವನ್ನೂ ಚರಂಡಿಯನ್ನೂ ಸರಿಪಡಿಸಬೇಕೆಂಬುದೇ ಅವರ ಕಾರ್ಯ ಉಳಿಸಿಹೋದ ಪಾಠ.